ಫೋನಿಗೆ ಸಿಗದೇ ಹೋದ ಫೋಟೊ ಯಾವುದು? ಮೊದಲು ಅದನ್ನು ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ: ‘ಇಷ್ಟು ದುಡ್ಡಿದೆ, ಯಾವ ಕ್ಯಾಮೆರಾ ತಗೊಳ್ಳಲಿ?’ ಬರೀ ದುಡ್ಡು ಹೇಳಿದರೆ ನನಗೂ ಏನೂ ತೋಚುವುದಿಲ್ಲ. ಕುಂದಾಪುರದ ಮೇಷ್ಟ್ರೊಬ್ಬರು ಮಾತ್ರ ಫೋನಿನಲ್ಲಿ ಕೆಟ್ಟುಹೋದ ಮೂರು ಫೋಟೊಗಳನ್ನೂ ಜೊತೆಗೆ ಕಳಿಸಿದ್ದಾರೆ. ಹಾಗಾಗಿ ಅವರಿಂದಲೇ ಶುರು ಮಾಡೋಣ.

ಪ್ರಶ್ನೆ: ನನಗೆ ಯಕ್ಷಗಾನದ ಹುಚ್ಚು. ಆಟಕ್ಕೆ ಹೋದಾಗಲೆಲ್ಲ ಫೋಟೊ ತೆಗೆಯುತ್ತೇನೆ. ವೇಷ ನಿಂತಿದ್ದರೆ ಪರವಾಗಿಲ್ಲ, ಕುಣಿಯಲು ಶುರು ಮಾಡಿದರೆ ಮುಖವೆಲ್ಲ ಕಲಸಿಹೋಗುತ್ತದೆ. 80,000 ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು ಎರಡು ಲೆನ್ಸ್ ಇರುವ ಕಿಟ್ ತಗೊಳ್ಳಿ ಅಂತಿದ್ದಾರೆ. ತಗೊಳ್ಳಲಾ?
– ಓದುಗರು, ಕುಂದಾಪುರ

ಉತ್ತರ: ಬೇಡ ಮೇಷ್ಟ್ರೇ. ಎರಡು ಲೆನ್ಸ್ ಅಂದರೆ ಲಾಭ ಅನ್ನಿಸುತ್ತದೆ, ಅಲ್ವಾ? ಆದರೆ ನಿಮ್ಮ ಕೆಲಸಕ್ಕೆ ಆ ಎರಡರಲ್ಲಿ ಒಂದೂ ಸರಿಹೋಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ದಿಗಿಣ ಹಾಕುವ ವೇಷವನ್ನು ನಿಲ್ಲಿಸಿ ಹಿಡಿಯಲು ಶಟರ್ ಸ್ಪೀಡ್ ಕನಿಷ್ಠ 1/250 ಸೆಕೆಂಡ್ ಬೇಕು, 1/500 ಆದರೆ ಇನ್ನೂ ಒಳ್ಳೆಯದು. ಕಿಟ್‌ನಲ್ಲಿ ಬರುವ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ, ಎಫ್ 6.3ಕ್ಕೆ ಇಳಿಯುತ್ತದೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು). ರಂಗಸ್ಥಳದ ದೀಪದಲ್ಲಿ ಅಷ್ಟು ಸಣ್ಣ ಕಿಂಡಿ ಸಾಲದು. ಕ್ಯಾಮೆರಾ ಐಎಸ್‌ಒವನ್ನು, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, 12,800ಕ್ಕೆ ಏರಿಸುತ್ತದೆ, ಮುಖದ ಬಣ್ಣಗಾರಿಕೆಯ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಅದೇ ಜಾಗದಲ್ಲಿ ಎಫ್ 1.8ರ 50 ಎಂಎಂ ಲೆನ್ಸ್ ಹಾಕಿ. ಒಳಗೆ ಹೋಗುವ ಬೆಳಕು ಹನ್ನೆರಡು ಪಟ್ಟು. ಐಎಸ್‌ಒ 1,000ಕ್ಕೆ ಇಳಿಯುತ್ತದೆ. ಕ್ಯಾಮೆರಾ ಅದೇ, ಕತ್ತಲೆ ಅದೇ.

50 ಎಂಎಂ ಲೆನ್ಸ್ ಜೂಮ್ ಆಗುವುದಿಲ್ಲ, ಅದೊಂದು ತಾಪತ್ರಯ. ಆದರೆ ಎಪಿಎಸ್-ಸಿ ಅನ್ನುವ ಚಿಕ್ಕ ಅಳತೆಯ ಸೆನ್ಸರ್ ಇರುವ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ ಹದಿನೈದಿಪ್ಪತ್ತು ಅಡಿ ದೂರದಿಂದ ಕಿರೀಟದಿಂದ ಗೆಜ್ಜೆವರೆಗೆ ಇಡೀ ವೇಷ ಹಿಡಿಸುತ್ತದೆ. ಅಂದರೆ ಮುಂದಿನ ಸಾಲಿನ ಕುರ್ಚಿ ಬೇಕು. ಆಟದ ಹುಚ್ಚಿರುವ ನಿಮಗೆ ಅದನ್ನು ಹೇಳಿಕೊಡಬೇಕಿಲ್ಲ.

ಕ್ಯಾಮೆರಾ ಬಾಡಿ ಕ್ಯಾನನ್ ಆರ್50 ಆದರೂ ಆಯಿತು, ನಿಕಾನ್ ಝಡ್50 ಆದರೂ ಆಯಿತು. ಎರಡರ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ. ಒಂದು ಲೆನ್ಸ್‌ನ ಪ್ಯಾಕ್ ತಗೊಳ್ಳಿ, ಉಳಿದ ದುಡ್ಡನ್ನು ಕ್ಯಾನನ್ ಆದರೆ 50 ಎಂಎಂ ಎಫ್ 1.8ಕ್ಕೆ, ನಿಕಾನ್ ಆದರೆ 40 ಎಂಎಂ ಎಫ್ 2ಕ್ಕೆ ಹಾಕಿ. ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆ ಮಾದರಿಯ ಕ್ಯಾಮೆರಾ) ನೋಡಿ. ನಾಚಿಕೆ ಏನೂ ಇಲ್ಲ, ನನ್ನ ಮೊದಲ ಎರಡೂ ಕ್ಯಾಮೆರಾ ಬೇರೆಯವರು ಬಳಸಿ ಬಿಟ್ಟವೇ. ಶಟರ್ ಎಷ್ಟು ಸಲ ಬಿದ್ದಿದೆ ಅಂತ ಮಾತ್ರ ಕೇಳಿ. ನಿಕಾನ್ ಡಿ5600ರಂಥ ಕ್ಯಾಮೆರಾದ ಶಟರನ್ನು 1,00,000 ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ. ಮೂವತ್ತು ಸಾವಿರ ಆಗಿದ್ದರೆ ಧೈರ್ಯವಾಗಿ ತಗೊಳ್ಳಿ. ಮದುವೆ ಫೋಟೊಗ್ರಾಫರ್ ಮಾರುತ್ತಿದ್ದರೆ ಎರಡು ಸಲ ಯೋಚಿಸಿ.

ನೀವು ಕಳಿಸಿದ ಮೂರನೇ ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಇದೆ. ಫೋನ್ ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಸಾಧಾರಣ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದಿದ್ದರೂ ಸೆನ್ಸರ್‌ಗೆ ಕಾಣುತ್ತದೆ. ಹೊಸ ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಆನ್ ಮಾಡಿದರೂ ಇದೇ ಗೋಳು, ಆಟದ ಮಟ್ಟಿಗೆ ಅದನ್ನು ಆಫ್ ಮಾಡಿಡಿ. ಆಮೇಲೆ ಕೆಂಪು ದೀಪ. ರಾಕ್ಷಸ ವೇಷ ಬಂದ ಕೂಡಲೇ ಕೆಂಪು ಬೆಳಕು ಸುರಿಯುತ್ತಾರಲ್ಲ, ಆಗ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ. ಇಲ್ಲದಿದ್ದರೆ ಮುಖ ಹೋಗಿ ಕೆಂಪು ಮುದ್ದೆ ಉಳಿಯುತ್ತದೆ, ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರುವುದಿಲ್ಲ. ಫ್ಲ್ಯಾಶ್ ವಿಷಯ ನಾನು ಹೇಳಬೇಕಾಗಿಲ್ಲ. ಕುಣಿಯುವವರ ಕಣ್ಣಿಗೆ ಅದನ್ನು ಹೊಡೆಯಬಾರದು, ಅಷ್ಟೇ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ. ನಿಕಾನ್ ಡಿ5600 ಮತ್ತು 70-300 ಲೆನ್ಸ್ ಇದೆ. ರಂಗನತಿಟ್ಟಿನಲ್ಲಿ ತೆಗೆದ ಹಕ್ಕಿಗಳು ಶಾರ್ಪ್ ಇಲ್ಲ. ಗೆಳೆಯರು ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಹೋಗು ಅನ್ನುತ್ತಾರೆ. ಹೋಗಲಾ?
– ಓದುಗರು, ಮೈಸೂರು

ಉತ್ತರ: ಸರ್, ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ಗೆ ಹೋದರೆ ನಿಮ್ಮ ಹಕ್ಕಿ ಇನ್ನೂ ಚಿಕ್ಕದಾಗುತ್ತದೆ! ಈಗಿನ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸ್ 450ರಷ್ಟು ಹತ್ತಿರ ತೋರಿಸುತ್ತಿದೆ. ದೊಡ್ಡ ಸೆನ್ಸರ್‌ನಲ್ಲಿ ಆ ಅನುಕೂಲ ಹೋಗಿ, ಅದನ್ನು ಸರಿದೂಗಿಸಲು ಇನ್ನೂ ಉದ್ದದ ಲೆನ್ಸ್ ಕೊಳ್ಳಬೇಕಾಗುತ್ತದೆ.

ಮೊದಲು ತಪ್ಪು ಯಾರದ್ದು ಅಂತ ಪತ್ತೆ ಮಾಡೋಣ. ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಟೈಮರ್‌ನಲ್ಲಿ ತೆಗೆಯಿರಿ. ಅಕ್ಷರ ಸ್ಪಷ್ಟವಾಗಿ ಬಂದರೆ ಲೆನ್ಸ್ ಚೆನ್ನಾಗಿದೆ, ದೋಷ ಇರುವುದು ಶಟರ್ ಸ್ಪೀಡ್‌ನಲ್ಲಿ. ರಂಗನತಿಟ್ಟಿನಲ್ಲಿ ನೀವು ಕೂತಿರುವುದು ದೋಣಿಯಲ್ಲಿ. ಹಕ್ಕಿ ಸುಮ್ಮನಿದ್ದರೂ ನೀವು ಅಲ್ಲಾಡುತ್ತಿರುತ್ತೀರಿ. ಕೂತ ಹಕ್ಕಿಗೇ 1/1000 ಇಡಿ, ಹಾರುವ ಹಕ್ಕಿಗೆ 1/2000. ಬೆಳ್ಳಕ್ಕಿಯ ಹಿಂದೆ ಕಪ್ಪು ಬಂಡೆ ಇದ್ದರೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಗರಿಯೇ ಕಾಣದೆ ಬಿಳಿ ಕಾಗದ ಅಂಟಿಸಿದ ಹಾಗೆ ಬರುತ್ತದೆ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಹಾರುವ ಹಕ್ಕಿಯ ಕಣ್ಣನ್ನು ಹುಡುಕಿ ಬಿಡದೆ ಹಿಡಿಯುವುದರಲ್ಲಿ ಹೊಸ ಮಿರರ್‌ಲೆಸ್‌ಗಳು ನಿಮ್ಮ ಕ್ಯಾಮೆರಾಕ್ಕಿಂತ ಬಹಳ ಮುಂದಿವೆ. ಆ ಆಸೆ ಇದ್ದರೆ ಚಿಕ್ಕ ಸೆನ್ಸರ್‌ನ ನಿಕಾನ್ ಝಡ್50 II ಸಾಕು, ಎಫ್‌ಟಿಝಡ್ ಅಡಾಪ್ಟರ್ ಹಾಕಿ ಈಗಿನ ಲೆನ್ಸನ್ನೂ ಬಳಸಬಹುದು. ಆದರೆ ಒಳಗೆ ಫೋಕಸ್ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಇದ್ದರೆ ಅದರಲ್ಲಿ ಆಟೊಫೋಕಸ್ ಆಗದು. ಇನ್ನು 200-500 ಲೆನ್ಸ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಎರಡು ದಿನ ಬಾಡಿಗೆಗೆ ತಂದು ನೋಡಿ. ಅದರ ತೂಕ ಎರಡು ಕಿಲೊ ಮುನ್ನೂರು ಗ್ರಾಂ. ನಾನು ಬೆಳಿಗ್ಗೆ ಹುರುಪಿನಲ್ಲಿ ಎತ್ತಿಕೊಂಡು ಹೋಗಿ, ಹತ್ತು ಗಂಟೆಗೆಲ್ಲ ಬ್ಯಾಗಿನೊಳಗೆ ಮಲಗಿಸಿದ್ದೆ.

ಪ್ರಶ್ನೆ: ಫೋಟೊ ಎಡಿಟ್ ಮಾಡುವ ಲೈಟ್‌ರೂಮ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಾ? ನನ್ನದು 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್. ಗೆಳೆಯ ಕ್ರ್ಯಾಕ್ ಮಾಡಿದ್ದು ಕೊಡುತ್ತೇನೆ ಅಂತಾನೆ. ಅಲ್ಲದೆ, ಎಡಿಟ್ ಮಾಡಿದರೆ ಅದು ಮೋಸ ಅಲ್ವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಗೆಳೆಯನಿಗೆ ಬೇಡ ಅನ್ನಿ. ಕಳ್ಳ ಪ್ರತಿಯ ಜೊತೆ ವೈರಸ್ ಬಂದು ಹಾರ್ಡ್ ಡಿಸ್ಕ್ ಹೋದರೆ ಹೋಗುವುದು ನಿಮ್ಮ ಫೋಟೊಗಳು.

ನಿಮ್ಮ ಕ್ಯಾಮೆರಾ ಕಂಪನಿಯೇ ಒಂದು ಸಾಫ್ಟ್‌ವೇರ್ ಪುಕ್ಕಟೆ ಕೊಡುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ. ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್‌ಗೆ ಡಿಜಿಟಲ್ ಫೋಟೊ ಪ್ರೊಫೆಶನಲ್. ಅಲ್ಲಿಂದ ಶುರು ಮಾಡಿ. ಸಾಲದು ಅನ್ನಿಸಿದಾಗ ಡಾರ್ಕ್‌ಟೇಬಲ್. ಅದೂ ಉಚಿತ, ಆದರೆ ಮೊದಲ ವಾರ ತಲೆ ಕೆಡಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಧಾನವಾಗಿ ಓಡುತ್ತದೆ, ಓಡುವುದೇ ಇಲ್ಲ ಅಂತಲ್ಲ. ಗಿಂಪ್ ಒಳ್ಳೆಯದೇ, ಆದರೆ ರಾ ಫೈಲನ್ನು (ಸೆನ್ಸರ್ ಹಿಡಿದ ಕಚ್ಚಾ ಫೈಲ್) ತಾನೇ ತೆರೆಯುವುದಿಲ್ಲ, ಡಾರ್ಕ್‌ಟೇಬಲ್ ಅಥವಾ ರಾಥೆರಪಿಯ ಸಹಾಯ ಬೇಕು. ಲೈಟ್‌ರೂಮ್ ಬಳಸಲು ಸಲೀಸು, ಅದು ನಿಜ. ಸಾವಿರಗಟ್ಟಲೆ ಫೋಟೊ ಆದಾಗ ದುಡ್ಡು ಕಟ್ಟಿ. ಮೂರು ಸಾಫ್ಟ್‌ವೇರ್ ಒಟ್ಟಿಗೆ ಕಲಿಯಲು ಮಾತ್ರ ಹೋಗಬೇಡಿ.

ರಾ ಯಾಕೆ ಬೇಕು ಅಂದರೆ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು, 14 ಬಿಟ್ ರಾದಲ್ಲಿ 16,384. ನೀವು ಕಳಿಸಿದ ಬಾದಾಮಿಯ ಅಗಸ್ತ್ಯ ತೀರ್ಥದ ಸಂಜೆ ಫೋಟೊವನ್ನೇ ನೋಡಿ. ಜೆಪೆಗ್‌ನಲ್ಲಿ ಬಂಡೆಯ ನೆರಳನ್ನು ಎತ್ತಿದೆ, ಕಲೆಕಲೆಯಾಗಿ ಬಂತು. ರಾದಲ್ಲಿ ಹೈಲೈಟ್ ಇಳಿಸಿ ನೆರಳು ಸ್ವಲ್ಪ ಎತ್ತಿದ ಕೂಡಲೇ ಮೋಡದ ಅಂಚೂ ಬಂತು, ಕಲ್ಲಿನ ಪದರವೂ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನೀವು ಸ್ಯಾಚುರೇಶನ್ ಎಳೆದು ಬಾದಾಮಿಯ ಕಲ್ಲನ್ನು ಜಿಲೇಬಿ ಮಾಡಿಟ್ಟಿದ್ದೀರಿ.

ಮೋಸದ ಪ್ರಶ್ನೆಗೆ ಉತ್ತರ: ಫೋಟೊ ಎಲ್ಲಿಗೆ ಕಳಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಅಂತರರಾಷ್ಟ್ರೀಯ ಫೋಟೊಗ್ರಫಿ ಒಕ್ಕೂಟ ಫಿಯಾಪ್‌ನ ನಿಯಮದಂತೆ ನಡೆಯುವ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಬೆಳಕು ತಿದ್ದಬಹುದು. ಹಕ್ಕಿಯ ಮುಂದಿನ ಒಂದು ಕಡ್ಡಿ ಅಳಿಸಿದರೂ ಫೋಟೊ ಹೊರಗೆ. ಮನೆಯ ಗೋಡೆಗಾದರೆ ಕಡ್ಡಿ ಅಳಿಸಿಕೊಳ್ಳಿ, ಯಾರು ಕೇಳುತ್ತಾರೆ?

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಜೇಡರ ಬಲೆಯಂಥದ್ದು ಬಂದಿದೆ. ಒರೆಸಿದರೂ ಹೋಗುತ್ತಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಅದು ಫಂಗಸ್. ಒಳಗಿದೆ, ಹೊರಗೆ ಒರೆಸಿ ಉಪಯೋಗವಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಬಿಚ್ಚಿ ತೊಳೆಸಿ. ತಡ ಮಾಡಿದರೆ ಗಾಜಿನ ಕೋಟಿಂಗ್ ತಿಂದುಬಿಡುತ್ತದೆ. ಮುಂದಿನ ಮಳೆಗಾಲಕ್ಕೆ ಕ್ಯಾಮೆರಾ ಬ್ಯಾಗಿನಲ್ಲಿ ಇಡಲೇಬೇಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಅನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ. ಅಡುಗೆಯ ಬಾಣಲೆ ಬೇಡ, ಅದಕ್ಕೇ ಒಂದು ಹಳೆಯದನ್ನು ಬೇರೆ ಇಟ್ಟುಕೊಳ್ಳಿ.