ಇಂಜಿನಿಯರಿಂಗ್ ಮ್ಯಾನೇಜರ್ ಕೆಲಸಕ್ಕೆ ಮುಂದೆ ಬೇಡಿಕೆ ಇರುತ್ತದಾ?

ನೀವು ಕೇಳಿದ್ದು ಇಷ್ಟು: ಎಂಟು ವರ್ಷ ಕೋಡ್ ಬರೆದಿದ್ದೀರಿ, ಈಗ ಕಂಪನಿಯವರು ಮ್ಯಾನೇಜರ್ ಆಗ್ತೀರಾ ಅಂತ ಕೇಳುತ್ತಿದ್ದಾರೆ, ಆದರೆ ಎಲ್ಲ ಕಡೆ ಮ್ಯಾನೇಜರ್‌ಗಳನ್ನು ತೆಗೆಯುವ ಸುದ್ದಿ ಓದಿ ಭಯವಾಗಿದೆ. ಒಪ್ಪಿಕೊಳ್ಳಬೇಕಾ, ಬೇಡವಾ?

ನನ್ನ ಪ್ರಕಾರ ಒಪ್ಪಿಕೊಳ್ಳಿ, ಆದರೆ ಕೋಡ್ ಕಡೆಗೆ ಬೆನ್ನು ಹಾಕಬೇಡಿ. ಆರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನಡುವೆ ಒಮ್ಮೆ ಕೆಲಸ ಕಳೆದುಕೊಂಡೂ ಇದ್ದೇನೆ.

ನಿಮ್ಮ ಭಯ ಸುಮ್ನೆ ಬಂದದ್ದಲ್ಲ. 2020, 2021ರಲ್ಲಿ ಸಾಲ ಅಗ್ಗವಿತ್ತು, ಕಂಪನಿಗಳು ಸಿಕ್ಕಾಪಟ್ಟೆ ಜನರನ್ನು ಸೇರಿಸಿಕೊಂಡವು, ಜನ ಹೆಚ್ಚಾದಂತೆ ಅವರ ಮೇಲೊಬ್ಬರು, ಅವರ ಮೇಲೆ ಮತ್ತೊಬ್ಬರು ಅಂತ ಮ್ಯಾನೇಜರ್‌ಗಳೂ ಹೆಚ್ಚಾದರು. 2022ರಲ್ಲಿ ಬಡ್ಡಿ ಏರಿತು, ಲೆಕ್ಕ ತಲೆಕೆಳಗಾಯಿತು. 2023ರಲ್ಲಿ ಮೆಟಾದ ಮಾರ್ಕ್ ಜುಕರ್‌ಬರ್ಗ್ ಇದು ದಕ್ಷತೆಯ ವರ್ಷ ಎಂದು ಹೇಳಿ ನಡುವಿನ ಹಂತಗಳನ್ನು ತೆಗೆದರು, ಎಷ್ಟೋ ಮ್ಯಾನೇಜರ್‌ಗಳಿಗೆ ವಾಪಸ್ ಇಂಜಿನಿಯರ್ ಕೆಲಸಕ್ಕೆ ಹೋಗಿ ಎಂದರು. 2024ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ನ ಸಿಇಒ ಆಂಡಿ ಜಾಸ್ಸಿ, ಮ್ಯಾನೇಜರ್‌ಗಳಿಗೆ ಹೋಲಿಸಿದರೆ ಉಳಿದ ನೌಕರರ ಪ್ರಮಾಣ ಕನಿಷ್ಠ ಶೇ. 15 ಹೆಚ್ಚಬೇಕು ಎಂದರು. ದೊಡ್ಡವರು ಹೋದ ದಾರಿಯಲ್ಲೇ ಚಿಕ್ಕವರೂ ಹೋಗುತ್ತಾರೆ, ಅಲ್ವಾ?

ನನ್ನ ಕೆಲಸ ಹೋದದ್ದೂ ಹೀಗೇ. ಬೆಳಿಗ್ಗೆ ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷದ ಮೀಟಿಂಗ್ ಒಂದು ಕಾಣಿಸಿತು, ವಿಷಯ ಅಂತ ಏನೂ ಬರೆದಿರಲಿಲ್ಲ. ನನ್ನ ಟೀಮಿನ ಏಳು ಜನರನ್ನು ಇನ್ನೊಬ್ಬ ಮ್ಯಾನೇಜರ್ ಕೈಗೆ ಕೊಟ್ಟರು. ಅವರ ಹತ್ತಿರ ಆಗಲೇ ಒಂಬತ್ತು ಜನ ಇದ್ದರು. ಹದಿನಾರು ಜನರ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮಾತಾಡಿದರೆ ಎಂಟು ಗಂಟೆ, ಅಂದರೆ ಒಂದು ಇಡೀ ದಿನ ಅದಕ್ಕೇ ಹೋಗುತ್ತದೆ. ಇವತ್ತು ಈ ಕೆಲಸಕ್ಕೆ ಬರುವವರು ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಬರಬೇಕು.

ಹಾಗಂತ ಈ ಹುದ್ದೆಯೇ ಇಲ್ಲವಾಗುತ್ತದೆ ಅಂದುಕೊಳ್ಳಬೇಡಿ. ಗೂಗಲ್ 2002ರಲ್ಲೇ ಇಂಜಿನಿಯರಿಂಗ್ ಮ್ಯಾನೇಜರ್‌ಗಳೇ ಬೇಡ ಎಂದು ಪ್ರಯೋಗ ಮಾಡಿತ್ತು. ಖರ್ಚಿನ ಬಿಲ್ಲಿಂದ ಹಿಡಿದು ಇಬ್ಬರ ನಡುವಿನ ಮನಸ್ತಾಪದವರೆಗೆ ಎಲ್ಲವೂ ನೇರವಾಗಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಬಳಿ ಹೋಗತೊಡಗಿತು, ಕೆಲವೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಅದೇ ಗೂಗಲ್ ಒಳ್ಳೆಯ ಮ್ಯಾನೇಜರ್ ಅಂದರೆ ಯಾರು ಎಂದು ಹುಡುಕಿದಾಗ ಎಂಟು ಗುಣಗಳ ಪಟ್ಟಿ ಬಂತು. ಮೊದಲನೆಯದು, ಜನರನ್ನು ತಿದ್ದಿ ಬೆಳೆಸುವುದು. ತಾಂತ್ರಿಕ ಜ್ಞಾನ ಎಂಟನೆಯದು.

ಆದರೆ ಈಗ ಇಂಟರ್‌ವ್ಯೂಗೆ ಹೋಗಿ ಕೂತರೆ ಆ ಎಂಟನೆಯದನ್ನೇ ಮೊದಲು ಕೇಳುತ್ತಾರೆ. ಒಂದು ಕಡೆ ನನಗೆ ಪೇಮೆಂಟ್ ಸಿಸ್ಟಮ್ ಡಿಸೈನ್ ಮಾಡಿ ಅಂದರು. ನೆಟ್‌ವರ್ಕ್ ತೊಂದರೆಯಿಂದ ಒಂದೇ ರಿಕ್ವೆಸ್ಟ್ ಎರಡು ಸಲ ಬಂದರೆ ಹಣ ಎರಡು ಸಲ ಕಟ್ ಆಗದಂತೆ ಹೇಗೆ ನೋಡಿಕೊಳ್ಳುತ್ತೀರಿ ಅಂತ ಕೇಳಿದರು. ಮಾರ್ಕರ್ ಹಿಡಿದು ಬೋರ್ಡ್ ಮುಂದೆ ನಿಂತೆ. ಪ್ರತಿ ರಿಕ್ವೆಸ್ಟ್‌ಗೂ ಒಂದು ಕೀ, ಅಂದರೆ ಅದೇ ರಿಕ್ವೆಸ್ಟ್ ಮತ್ತೆ ಬಂದರೂ ಬದಲಾಗದ ಒಂದು ಗುರುತು ಕೊಟ್ಟು, ಆ ಕೀ ಮೊದಲೇ ಬಂದಿದೆಯಾ ಅಂತ ನೋಡಿದರೆ ಆಯಿತು. ಕೋಡ್ ಬರೆಯುತ್ತಿದ್ದಾಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ಉತ್ತರ. ಅವತ್ತು ಬಾಯಿಗೆ ಬರಲಿಲ್ಲ. ಮರುದಿನದಿಂದ ಮತ್ತೆ ಓದಲು ಕೂತೆ, ಹೊಸ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಹಾಗಾಗಿ ಈಗ ಟೀಮಿನ ಡಿಸೈನ್ ಡಾಕ್ಯುಮೆಂಟ್ ಒಂದನ್ನೂ ಓದದೆ ಬಿಡುವುದಿಲ್ಲ, ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಮ್‌ನಲ್ಲಿ, ಏನಾದರೂ ಬಿದ್ದರೆ ನಾನೂ ಕಾಲ್‌ನಲ್ಲಿರುತ್ತೇನೆ.

ಎಐ ಬಂದ ಮೇಲೆ ಮ್ಯಾನೇಜರ್ ಯಾಕೆ ಅಂತ ಕೇಳುವವರಿದ್ದಾರೆ. ಕಳೆದ ವರ್ಷ ನಮ್ಮ ಟೀಮಿನ ಹುಡುಗ ಒಬ್ಬ ಸಾವಿರಕ್ಕೂ ಹೆಚ್ಚು ಸಾಲಿನ ಕೋಡನ್ನು ಎಐ ಸಹಾಯದಿಂದ ಒಂದೇ ಮಧ್ಯಾಹ್ನದಲ್ಲಿ ಬರೆದು ರಿವ್ಯೂಗೆ ಹಾಕಿದ. ಟೀಮಿನ ಇನ್ನೊಬ್ಬ ಐದು ನಿಮಿಷದಲ್ಲಿ ಅಪ್ರೂವ್ ಮಾಡಿದ. ಇಬ್ಬರನ್ನೂ ಕೂರಿಸಿಕೊಂಡು, ಇದು ರಾತ್ರಿ ಎರಡಕ್ಕೆ ಕೆಟ್ಟರೆ ಎಲ್ಲಿಂದ ನೋಡಲು ಶುರು ಮಾಡ್ತೀರಿ ಅಂತ ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಬೈಯಲಿಲ್ಲ. ಅದನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಬರೆದವನ ಬಾಯಲ್ಲೇ ವಿವರಿಸಲು ಹೇಳಿದೆ. ಕೋಡ್ ಬೇಗ ಬಂದಷ್ಟೂ ಇಂಥ ಕೆಲಸ ಜಾಸ್ತಿಯಾಗುತ್ತದೆ. ಬರೀ ಸ್ಟೇಟಸ್ ಕೇಳಿ ಮೇಲಿನವರಿಗೆ ಮೇಲ್ ಕಳಿಸುವ ಮ್ಯಾನೇಜರ್‌ಗೆ ಮಾತ್ರ ಕಷ್ಟವಿದೆ, ಆ ಕೆಲಸಕ್ಕೆ ಈಗ ಮನುಷ್ಯ ಬೇಕಾಗಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಈಗಿರುವ ಕಂಪನಿಯೇ ಅವಕಾಶ ಕೊಡುತ್ತಿದೆ ಅನ್ನೋದು ದೊಡ್ಡ ಮಾತು. ಅನುಭವ ಇಲ್ಲದವರನ್ನು ಹೊರಗಿನ ಕಂಪನಿಗಳು ನೇರವಾಗಿ ಮ್ಯಾನೇಜರ್ ಮಾಡಿಕೊಳ್ಳುವುದು ತುಂಬಾ ಕಡಿಮೆ. ಎರಡು ವರ್ಷವಾದರೂ ಮಾಡಿ. ಒಂದು ಅಪ್ರೈಸಲ್ ಮುಗಿಸಿ ಓಡಿ ಬಂದರೆ ರೆಸ್ಯೂಮೆಯಲ್ಲಿ ಅದಕ್ಕೆ ತೂಕ ಇರುವುದಿಲ್ಲ. ಡೈರೆಕ್ಟರ್ ಆಗುವ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ನಡುವಿನ ಹಂತಗಳು ಹೋದ ಮೇಲೆ ಆ ಮೆಟ್ಟಿಲು ಹತ್ತುವವರು ಇನ್ನೂ ಕಡಿಮೆ. ಎದುರಿಗೆ ಕೂತವರಿಗೆ ನಿಮ್ಮ ಕೆಲಸ ಸರಿಯಾಗಿಲ್ಲ ಅಂತ ಹೇಳುವುದು ನಿಮ್ಮಿಂದ ಆಗುವುದೇ ಇಲ್ಲ ಅನಿಸಿದರೆ ಸ್ಟಾಫ್ ಇಂಜಿನಿಯರ್ ದಾರಿ, ಅಂದರೆ ಮ್ಯಾನೇಜರ್ ಆಗದೆ ತಾಂತ್ರಿಕ ಕೆಲಸದಲ್ಲೇ ಮೇಲೇರುವ ದಾರಿ ಹಿಡಿಯಿರಿ, ಹಲವು ಕಂಪನಿಗಳಲ್ಲಿ ಸಂಬಳ ಅದೇ ಮಟ್ಟದಲ್ಲಿರುತ್ತದೆ.

ಒಪ್ಪುವ ಮುಂಚೆ ಟೀಮಿನಲ್ಲಿ ಎಷ್ಟು ಜನ, ಸೇರಿಸಿಕೊಳ್ಳುವುದರಲ್ಲೂ ಹೈಕ್ ಕೊಡುವುದರಲ್ಲೂ ನಿಮ್ಮ ಮಾತು ನಡೆಯುತ್ತದಾ ಅಂತ ಕೇಳಿ. ವಾಪಸ್ ಇಂಜಿನಿಯರ್ ಆಗಬೇಕು ಅನಿಸಿದರೆ ಇದೇ ಲೆವೆಲ್‌ನಲ್ಲಿ ಬರಬಹುದಾ ಅಂತಲೂ ಕೇಳಿ. ಅದಕ್ಕೆ ಹೌದು ಅಂದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.