ಸುಮ್ನೆ ನಡೆಯುವುದೂ ನೃತ್ಯವಾ?

ವೇದಿಕೆ ಮೇಲೆ ಜನ ಸುಮ್ನೆ ನಡೆದಾಡುವ ವಿಡಿಯೊ ನೋಡಿ, ಇದೂ ನೃತ್ಯವಾ, ಇಂಥ ಪ್ರಯೋಗ ಮಾಡಿದವರಿಂದ ಏನು ಬದಲಾಯಿತು ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಮೊದಲ ಸಲ ಅಂಥದ್ದನ್ನು ನೋಡಿದಾಗ ನನಗೂ ಸಿಟ್ಟೇ ಬಂದಿತ್ತು. ವರ್ಷಗಟ್ಟಲೆ ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ಕೂತು ಅಡವು (ಮೂಲ ಹೆಜ್ಜೆಗಳು) ಮಾಡಿದವರಿಗೆ ಸಿಟ್ಟು ಬರದೆ ಇರುತ್ತಾ?

ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರಿಂದ ಶುರು ಮಾಡೋಣ. ಅವರು ಮೊದಲು ಅಲ್ಲಿನ ಹೆಸರಾಂತ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ತಂಡದಲ್ಲಿದ್ದವರು. ಆ ತಂಡದಲ್ಲಿ ನೃತ್ಯ ಅಂದರೆ ಒಳಗಿನ ತಳಮಳ, ಪುರಾಣದ ಕಥೆ. 1953ರಲ್ಲಿ ತಮ್ಮದೇ ತಂಡ ಕಟ್ಟಿದಾಗ ಕಥೆಯನ್ನೇ ಬಿಟ್ಟರು. ಸಂಗೀತಗಾರ ಜಾನ್ ಕೇಜ್ ಜೊತೆ ಸೇರಿ, ಸಂಗೀತ ಬೇರೆ, ನೃತ್ಯ ಬೇರೆ ಅಂತ ತಯಾರು ಮಾಡಿ ಎರಡನ್ನೂ ವೇದಿಕೆ ಮೇಲೆ ಒಟ್ಟಿಗೆ ಬಿಟ್ಟರು. ಯಾವ ಚಲನೆ ಆದ ಮೇಲೆ ಯಾವುದು ಅಂತ ನಾಣ್ಯ ಚಿಮ್ಮಿ ಗೊತ್ತು ಮಾಡಿದ್ದೂ ಉಂಟು. ತಾಳ ತಟ್ಟದೆ ಒಂದು ಹೆಜ್ಜೆ ಇಡದ ನಮಗೆ ಇದನ್ನು ಊಹಿಸುವುದೂ ಕಷ್ಟ.

1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ಸೇರಿದ ಹುಡುಗ ಹುಡುಗಿಯರು ಇನ್ನೂ ಮುಂದೆ ಹೋದರು. ಅವರಲ್ಲಿ ಒಬ್ಬರಾದ ಇವೊನ್ ರೈನರ್ ಅವರ 1966ರ ‘ಟ್ರಿಯೊ ಎ’ ನೃತ್ಯದಲ್ಲಿ ಕುಣಿಯುವವರು ನೋಡುವವರ ಕಣ್ಣಿಗೆ ಕಣ್ಣೇ ಕೊಡುವುದಿಲ್ಲ. ಮರುವರ್ಷ ಅದೇ ಗುಂಪಿನ ಸ್ಟೀವ್ ಪ್ಯಾಕ್ಸ್‌ಟನ್ ಹತ್ತಾರು ಜನರನ್ನು ವೇದಿಕೆಯ ಈ ಕಡೆಯಿಂದ ಆ ಕಡೆಗೆ ನಡೆಸಿದರು. ನಡೆಯುವುದು, ನಿಲ್ಲುವುದು, ಕೂರುವುದು, ಅಷ್ಟೇ. ನೀವು ನೋಡಿದ ವಿಡಿಯೊದ ಬೇರು ಇಲ್ಲಿದೆ.

ಓದಿ ತಿಳಿದಿದ್ದೆ, ಒಪ್ಪಿರಲಿಲ್ಲ. ಒಂದು ಭಾನುವಾರ ಕ್ಲಾಸಿನಲ್ಲಿ ಮಕ್ಕಳಿಗೆ ‘ಈ ಗೋಡೆಯಿಂದ ಆ ಗೋಡೆಗೆ ಸುಮ್ನೆ ನಡೀರಿ’ ಅಂದೆ. ಯಾರಿಗೂ ಬರಲಿಲ್ಲ! ಒಬ್ಬಳ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಇನ್ನೊಬ್ಬಳು ನೆಲಕ್ಕೆ ಪಾದ ತಟ್ಟಿಕೊಂಡೇ ಹೋದಳು, ಮತ್ತೊಬ್ಬಳ ಮುಖದಲ್ಲಿ ಪ್ರೋಗ್ರಾಂ ದಿನದ ನಗು. ಏಳೆಂಟು ಸಲ ಆದ ಮೇಲೆ ಒಬ್ಬ ಹುಡುಗಿ ಅಡುಗೆಮನೆಗೆ ನೀರು ಕುಡಿಯೋಕೆ ಹೋಗುವ ಹಾಗೆ ನಡೆದಳು. ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ಕೇಳಿದರೆ, ‘ಎರಡು ವಾರದಿಂದ ಹಿಮ್ಮಡಿ ನೋಯ್ತಿದೆ ಮಿಸ್’ ಅಂದಳು. ಎರಡು ವಾರ ನನ್ನ ಮುಂದೆಯೇ ಕುಣಿದಿದ್ದಳು, ನನಗೆ ಕಂಡಿರಲಿಲ್ಲ. ನಾನು ತಾಳ ನೋಡುತ್ತಿದ್ದೆ, ಮುದ್ರೆ ನೋಡುತ್ತಿದ್ದೆ, ಅವಳನ್ನು ನೋಡಿರಲಿಲ್ಲ.

ನನ್ನ ಮಟ್ಟಿಗೆ ಆ ಪ್ರಯೋಗ ಮಾಡಿದವರು ಬದಲಿಸಿದ್ದು ಇದನ್ನೇ. ಚಂದದ ಭಂಗಿಯ ಹಿಂದೆ ಇರುವ ಮೈಯನ್ನು ಮುಂದೆ ತಂದು ನಿಲ್ಲಿಸಿದರು.

ನಮ್ಮಲ್ಲೂ ಇದು ಆಗಿದೆ. ಚೆನ್ನೈನ ಚಂದ್ರಲೇಖಾ ಭರತನಾಟ್ಯವನ್ನೇ ಕಲಿತವರು. 1985ರ ‘ಅಂಗಿಕ’ ನೃತ್ಯದಲ್ಲಿ ದೇವರ ಕಥೆ ಬಿಟ್ಟು, ಭರತನಾಟ್ಯದ ಪಕ್ಕಕ್ಕೆ ಯೋಗ, ಕೇರಳದ ಸಮರಕಲೆ ಕಳರಿಪಯಟ್ಟು ತಂದರು. ಎಲ್ಲವನ್ನೂ ನಾನು ಒಪ್ಪುತ್ತೇನೆ ಅಂತಲ್ಲ. ರೈನರ್ ಹಾಗೆ ಕಣ್ಣು ತಪ್ಪಿಸಿ ಕುಣಿಯೋಕೆ ನನ್ನ ಕೈಲಿ ಆಗಲ್ಲ, ಅಭಿನಯ ಬಿಟ್ಟು ನಾನು ಬದುಕಲಾರೆ. ಆದರೆ ಬೇಲೂರಿಗೆ ಹೋದಾಗಲೆಲ್ಲ ಕನ್ನಡಿ ನೋಡಿಕೊಳ್ಳುತ್ತಾ ನಿಂತ ಮದನಿಕೆಯ ಎದುರು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅವಳು ಮಾಡುತ್ತಿರುವುದೂ ದಿನದ ಕೆಲಸವೇ ಅಲ್ವಾ?

ಆ ವಿಡಿಯೊ ಇನ್ನೊಮ್ಮೆ ನೋಡಿ. ಒಬ್ಬರನ್ನೇ ಆರಿಸಿಕೊಂಡು, ಅವರ ಪಾದ ಮಾತ್ರ ನೋಡಿ.