ಉಪ್ಪುನೀರಿನ ಅಕ್ವೇರಿಯಂನಲ್ಲಿ ಕೆಂಪು ಪಾಚಿ ಹೋಗ್ತಾನೇ ಇಲ್ಲ, ಏನು ಮಾಡಲಿ?

ಟ್ಯಾಂಕಿಗೆ 2 ತಿಂಗಳಾಯ್ತು, ಮರಳಿನ ಮೇಲೆ ಕೆಂಪು ಪೊರೆ ಅಂದಿದ್ದೀರಿ. ಮೊದಲು ಸಣ್ಣ ಪೈಪಿನ ತುದಿಯಿಂದ ಎಬ್ಬಿಸಿ ನೋಡಿ. ಲೋಳೆ ಲೋಳೆಯಾಗಿ, ನೀರುದೋಸೆಯಂತೆ ಹಾಳೆಹಾಳೆಯಾಗಿ ಎದ್ದರೆ, ಮೇಲೆ ಸಣ್ಣ ಗುಳ್ಳೆಗಳಿದ್ದರೆ, ಅದು ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ, ಅಂದರೆ ಪಾಚಿಯಂತೆ ಬೆಳಕಿನಿಂದ ಬೆಳೆಯುವ ಬ್ಯಾಕ್ಟೀರಿಯಾ. ಕಂದು ಪುಡಿಯಂತೆ ಹಾರಿದರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿಗೆ ಅದು ಸಹಜ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಕಲ್ಲಿಗೆ ಅಂಟಿದ ಗಟ್ಟಿ ಗುಲಾಬಿ ಪದರವಾದರೆ ದಯವಿಟ್ಟು ಕೆರೆಯಬೇಡಿ. ಅದು ಕೋರಲೈನ್ ಎಂಬ ಸುಣ್ಣದಂಥ ಗಟ್ಟಿ ಪಾಚಿ, ಟ್ಯಾಂಕ್ ಚೆನ್ನಾಗಿದೆ ಅನ್ನೋದರ ಗುರುತು.

ಕೆಂಪು ಲೋಳೆಯನ್ನು ಪೈಪಿನಿಂದ ಎಳೆದು ಹೊರಹಾಕಿ, ಆ ಮೂಲೆಗೆ ನೀರಿನ ಓಟ ಜಾಸ್ತಿ ಮಾಡಿ. ಮೀನು 2 ನಿಮಿಷದಲ್ಲಿ ತಿನ್ನುವಷ್ಟೇ ಹಾಕಿ. ಫ್ರೀಜರಿನ ಸಿಗಡಿ ಕೊಡುವುದಾದರೆ ಕರಗಿದ ನೀರನ್ನು ಚೆಲ್ಲಿ, ಅದರಲ್ಲಿ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಇರುತ್ತದೆ. ದೀಪ ದಿನಕ್ಕೆ 8 ಗಂಟೆ ಸಾಕು.

ಇನ್ನು ನೀರು. ಕಾರವಾರದಲ್ಲಿದ್ದು ಉಪ್ಪುನೀರು ಕೊಳ್ಳೋದಾ ಅನಿಸುತ್ತದೆ, ಅಲ್ವಾ? ನಾನೂ ಒಮ್ಮೆ ಜುಲೈಯಲ್ಲಿ ದಡದಿಂದ 2 ಕ್ಯಾನ್ ತಂದು ಸುರಿದೆ. ವಾರದಲ್ಲೇ ಗಾಜೆಲ್ಲ ಹಸಿರು. ಮಳೆಗಾಲದಲ್ಲಿ ಕಾಳಿ ನದಿಯ ನೀರು ಸೇರಿ ಉಪ್ಪು ಇಳಿಯುತ್ತದೆ, ಕೆಸರಿನ ಜೊತೆ ಪಾಚಿಗೆ ಬೇಕಾದ ಸತ್ವವೂ ಬರುತ್ತದೆ. ಆರ್‌ಓ ನೀರಿಗೆ ಉಪ್ಪುನೀರಿನ ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು (ಮರೀನ್ ಸಾಲ್ಟ್) ಬೆರೆಸಿ, 1.025 ಸಾಂದ್ರತೆಗೆ ತನ್ನಿ. ಆವಿಯಾದದ್ದಕ್ಕೆ ಬರೀ ಆರ್‌ಓ ನೀರು ಸೇರಿಸಿ, ಉಪ್ಪು ಬೇಡ. ಔಷಧಿಗೆ ಸುಮ್ನೆ ಕೈ ಹಾಕಬೇಡಿ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು.